ಕ್ರಿಸ್ಮಸ್ ಯಾತ್ರೆಯ ದಾರಿಯಲ್ಲಿ ಚೌಟರ ಅರಮನೆ

ಕ್ರಿಸ್ಮಸ್ ರಜೆಯಲ್ಲಿ ಬಂಟ್ವಾಳ, ಬೆಳ್ತಂಗಡಿ, ಮೂಡಬಿದಿರೆಗಳ ಚರ್ಚುಗಳನ್ನು ಸುತ್ತಿ, ಗೋದಲಿ ನೋಡಿ, ಮೇಣದಬತ್ತಿ ಹಚ್ಚಿ ಬರುವ ಕುಟುಂಬಗಳು ಈ ಕ್ಷೇತ್ರಗಳನ್ನು ಪೋರ್ಚುಗೀಸರು ಬಿಟ್ಟುಹೋದ ಕುರುಹು ಎಂದು ತಿಳಿಯುವುದೇ ಹೆಚ್ಚು. ಅದು ಅರ್ಧ ಸತ್ಯ. ಇಲ್ಲಿನ ಕ್ರೈಸ್ತ ನೆಲೆಗಳು ಬೇರು ಬಿಟ್ಟದ್ದು ಗದ್ದೆಯ ಬೇಸಾಯದಿಂದ, ಉಳಿದದ್ದು ನೆರೆಯವರ ಆಸರೆಯಿಂದ ಎಂಬುದು ನನ್ನ ವಾದ. ಗೋವೆಯಿಂದ ಇಳಿದು ಬಂದ ಕೊಂಕಣಿ ಕ್ರೈಸ್ತರಿಗೆ ಕೆಳದಿ ನಾಯಕರ ಸೀಮೆಯಲ್ಲಿ ಜಾಗ ಸಿಕ್ಕಿದ್ದು ಮುಖ್ಯವಾಗಿ ಅವರು ಒಳ್ಳೆಯ ಒಕ್ಕಲುಗಳಾಗಿದ್ದರು ಎಂಬ ಕಾರಣಕ್ಕೆ. ಬಂಟ್ವಾಳ ತಾಲೂಕಿನ ಫರಂಗಿಪೇಟೆಯಲ್ಲಿ, ನೇತ್ರಾವತಿಯ ದಂಡೆಗೆ ಹತ್ತಿರದ ಮೊಂತೆ ಮಾರಿಯಾನೊದಲ್ಲಿ, ಫಾದರ್ ಜೋಕಿಂ ಮಿರಾಂದಾ ಆರಂಭಿಸಿದರೆಂದು ಹೇಳುವ ಹೊಸ ತೆನೆಯ ಹಬ್ಬ ಮೊಂತಿ ಫೆಸ್ತನ್ನೇ ನೋಡಿ. ಸೆಪ್ಟೆಂಬರ್ 8ರಂದು ಮಕ್ಕಳು ಮರಿಯಮ್ಮನಿಗೆ ಹೂ ಅರ್ಪಿಸುತ್ತಾರೆ. ಆಶೀರ್ವದಿಸಿದ ಹೊಸ ತೆನೆ ಮನೆಮನೆಗೆ ಬಂದು, ಅದರ ಕಾಳು ಅಂದಿನ ಊಟಕ್ಕೆ ಸೇರುತ್ತದೆ. ತುಳುವರ ಹೊಸ ಅಕ್ಕಿಯ ಊಟವಾದ ಪುದ್ವಾರಿಗೂ ಇದಕ್ಕೂ ಇರುವ ನಂಟು ಕಣ್ಣಿಗೆ ಕಾಣುವಂಥದ್ದು. ಡಿಸೆಂಬರಿನಲ್ಲಿ ಗೋದಲಿಯ ಸುತ್ತ ಹಸಿರು ಮೂಡಲೆಂದು ವಾರ ಮೊದಲೇ ಕಾಳು ಬಿತ್ತಿ ಮೊಳಕೆ ಬರಿಸುವ ಮನೆಗಳಲ್ಲೂ ಇರುವುದು ರೈತರ ಕೈಯೇ.

ಈ ನೆಲೆಗಳ ನಿಜವಾದ ಪರೀಕ್ಷೆ ನಡೆದದ್ದು 1784ರಲ್ಲಿ. ಕ್ರೈಸ್ತರು ಇಂಗ್ಲಿಷರಿಗೆ ನೆರವಾದರೆಂಬ ಆರೋಪದ ಮೇಲೆ ಟಿಪ್ಪು ಸುಲ್ತಾನ ಫೆಬ್ರವರಿಯ ಬೂದಿ ಬುಧವಾರದಂದು ಅವರನ್ನು ಸೆರೆಹಿಡಿಸಿ ಘಟ್ಟ ಹತ್ತಿಸಿ ಶ್ರೀರಂಗಪಟ್ಟಣಕ್ಕೆ ನಡೆಸಿದ. ಸಾವಿರಾರು ಜನ ದಾರಿಯಲ್ಲೂ ಸೆರೆಯಲ್ಲೂ ಸತ್ತರು. ಹೈದರಾಲಿಯ ಸ್ನೇಹ ಗಳಿಸಿದ್ದ ಮಿರಾಂದಾ ಅವರೂ ಗಡೀಪಾರಾದರು, ಮೊಂತೆ ಮಾರಿಯಾನೊದಲ್ಲಿ ಅವರು ಕಟ್ಟಿದ್ದ ಸೆಮಿನರಿ ನೆಲಸಮವಾಯಿತು. ಕೆನರಾದ 27 ಚರ್ಚುಗಳು ಉರುಳಿದುವೆಂದು ಇತಿಹಾಸಕಾರರು ಲೆಕ್ಕ ಕೊಡುತ್ತಾರೆ. ಮೂಡಬಿದಿರೆಯ ಹೊಸಬೆಟ್ಟು ಹೋಲಿ ಕ್ರಾಸ್ ಚರ್ಚು ಮಾತ್ರ ಉಳಿಯಿತು. ಉಳಿಸಿದವರು ಜೈನ ಅರಸರಾದ ಚೌಟರು. ಪೋರ್ಚುಗೀಸರ ವಿರುದ್ಧ ಕತ್ತಿ ಹಿಡಿದ ಉಳ್ಳಾಲದ ರಾಣಿ ಅಬ್ಬಕ್ಕನದೂ ಇದೇ ಮನೆತನ ಎಂಬುದನ್ನು ಇಲ್ಲಿ ಮರೆಯಬಾರದು. ಕಡಲಿನಿಂದ ಬಂದ ಫಿರಂಗಿಯವರು ಬೇರೆ, ತಮ್ಮ ನೆಲದಲ್ಲಿ ಉಳುವ ಕ್ರೈಸ್ತರು ಬೇರೆ ಎಂಬ ವಿವೇಕ ಆ ಮನೆತನಕ್ಕಿತ್ತು.

ಚೌಟರು ಕಾಪಾಡಿದ್ದು ಒಕ್ಕಲುಗಳ ಗೇಣಿಯನ್ನು, ಧರ್ಮವನ್ನಲ್ಲ ಎಂದು ಯಾರಾದರೂ ಹೇಳಬಹುದು. ಲಾಭದ ಲೆಕ್ಕ ಇದ್ದಿರಲೂಬಹುದು. ಆದರೆ ಹೈದರಾಲಿ 1763ರಲ್ಲಿ ಕರಾವಳಿಯನ್ನು ಗೆದ್ದ ಮೇಲೆ ಚೌಟರಲ್ಲಿ ಹಳೆಯ ಅಧಿಕಾರ ಉಳಿದಿರಲಿಲ್ಲ. ಸುಲ್ತಾನನ ಕೋಪಕ್ಕೆ ಗುರಿಯಾದವರ ಪರ ಮಾತಾಡುವುದು ದುರ್ಬಲ ಅರಸನಿಗೆ ಅಪಾಯದ ಕೆಲಸ. ಬರಿಯ ಗೇಣಿಯ ಆಸೆ ಅಷ್ಟು ದೂರ ಒಯ್ಯದು. 27ರ ಎದುರು ಒಂದು ಯಾವ ಲೆಕ್ಕ ಎಂಬ ಪ್ರಶ್ನೆ ಇನ್ನೂ ಕಠಿಣ. ಆ ಒಂದು ಚರ್ಚು ಸೆರೆಯ ನೋವನ್ನು ಕಡಿಮೆ ಮಾಡುವುದಿಲ್ಲ, ಮಾಡಬೇಕೆಂದು ನಾನು ಹೇಳುವುದೂ ಇಲ್ಲ. ಆದರೆ 1799ರಲ್ಲಿ ಟಿಪ್ಪು ಮಡಿದ ಮೇಲೆ ಬದುಕಿ ಉಳಿದವರಲ್ಲಿ ಬಹುಮಂದಿ ಮರಳಿ ಬಂದದ್ದು ಇದೇ ಊರುಗಳಿಗೆ, ಇದೇ ನೆರೆಯವರ ನಡುವಿಗೆ. ಬೆಳ್ತಂಗಡಿಯ ಕಥೆ ಇತ್ತೀಚಿನದು: ಕಳೆದ ಶತಮಾನದಲ್ಲಿ ಕೇರಳದಿಂದ ಬಂದು ಕಾಡಂಚಿನಲ್ಲಿ ರಬ್ಬರ್ ಬೆಳೆದ ಸಿರೋ ಮಲಬಾರ್ ಕ್ರೈಸ್ತರಿಗೆ 1999ರಲ್ಲಿ ಅಲ್ಲಿ ಧರ್ಮಪ್ರಾಂತ್ಯವೇ ಆಯಿತು. ಅಲ್ಲೂ ನೆಲವೇ ಮೊದಲು, ಚರ್ಚು ಆಮೇಲೆ.

ಆದ್ದರಿಂದ ಈ ಡಿಸೆಂಬರಿನಲ್ಲಿ ಮಕ್ಕಳನ್ನು ಹೊಸಬೆಟ್ಟಿಗೆ ಕರೆದೊಯ್ಯುವವರು ಮೂಡಬಿದಿರೆಯ ಚೌಟರ ಅರಮನೆಗೂ ಹೋಗಬೇಕು. ಮರದ ಕಂಬಗಳಲ್ಲಿ ಒಂಬತ್ತು ಹೆಂಗಸರು ಸೇರಿ ಆನೆಯಾದ ನವನಾರಿ ಕುಂಜರವನ್ನು, ಐವರು ಸೇರಿ ಕುದುರೆಯಾದ ಪಂಚನಾರಿ ತುರಗವನ್ನು ತೋರಿಸಿ, ಹೊಸಬೆಟ್ಟಿನ ಚರ್ಚನ್ನು ಉಳಿಸಿದವರು ಈ ಮನೆಯವರು ಎಂದು ಅವರಿಗೆ ಹೇಳಿ.