ಹಳೆಯ ಕಡತ, ಹೊಸ ಗಣಕ: ಕನ್ನಡ ಅಕ್ಷರ ದಾಟಿದ ಹೊಳೆ

ದಬ್ಬೇಘಟ್ಟ ಹೋಬಳಿಯಲ್ಲಿ ಒಂದು ತೆಂಗಿನ ತೋಟ ಕ್ರಯವಾದರೂ, ಅಣ್ಣತಮ್ಮಂದಿರ ನಡುವೆ ಪಾಲಾದರೂ ಪತ್ರ ಸಿದ್ಧವಾಗುವುದು ತುರುವೇಕೆರೆಯ ಪತ್ರ ಬರಹಗಾರರ ಬಳಿ. ಹಳೆಯ ಪತ್ರವೊಂದರ ಕಡತ ತೆರೆದು, ಹೆಸರು ಬದಲಿಸಿ, ಸರ್ವೆ ನಂಬರು, ಎಕರೆ-ಗುಂಟೆ, ಚೆಕ್ಕುಬಂದಿ, ಫಸಲು ಬರುವ ಮರಗಳ ಲೆಕ್ಕ ಎಲ್ಲವನ್ನೂ ತಿದ್ದಿ ಹೊಸ ಪತ್ರ ಮಾಡುವುದು ಅಲ್ಲಿನ ರೂಢಿ. ತಿಪಟೂರು, ಚಿಕ್ಕನಾಯಕನಹಳ್ಳಿಗಳಲ್ಲೂ ಹೀಗೆಯೇ. ಇಂಥ ಕಡೆ ಗಣಕ ಹಳತಾಗಿ ಹೊಸದು ಬಂದಾಗ ಎಲ್ಲ ಕಡತಗಳನ್ನೂ ಪೆನ್‌ಡ್ರೈವಿಗೆ ತುಂಬಿ ತರುತ್ತಾರೆ. ಹೊಸ ಯಂತ್ರದಲ್ಲಿ ತೆರೆದರೆ ಕನ್ನಡವೇ ಇಲ್ಲ. ಇಂಗ್ಲಿಷಿನ ಅಕ್ಷರಗಳ ಮೇಲೆ ಚುಕ್ಕೆ, ಓರೆಗೆರೆ, ನಡುನಡುವೆ ಪೌಂಡಿನ ಗುರುತು. ಫೈಲು ಕೆಟ್ಟಿದೆ ಎಂದು ಬಿಟ್ಟುಬಿಡುವವರೇ ಹೆಚ್ಚು.

ಫೈಲು ಕೆಟ್ಟಿರುವುದಿಲ್ಲ. ಒಂದು ಯಂತ್ರದಿಂದ ಇನ್ನೊಂದಕ್ಕೆ ಕಡತ ಸಾಗಿಸುವುದು ಇಂಗ್ಲಿಷಿನಲ್ಲಿ ಬರೆಯುವವರಿಗೆ ಬಹುಮಟ್ಟಿಗೆ ತಂತಿ, ಡಿಸ್ಕುಗಳ ಪ್ರಶ್ನೆ. ಕನ್ನಡದವರಿಗೆ ಅದರ ಜೊತೆಗೆ ಅಕ್ಷರವನ್ನೂ ದಾಟಿಸುವ ಕೆಲಸ ಬಿತ್ತು. ಅದು ಹೇಗೆ ಬಿತ್ತು ಎಂದು ತಿಳಿಯಲು ಮೂರೂವರೆ ದಶಕ ಹಿಂದಕ್ಕೆ ಹೋಗಬೇಕು.

ಆರಂಭದಲ್ಲಿ ದಾರಿ ಸರಿಯಾಗಿಯೇ ಇತ್ತು. ಐಐಟಿ ಕಾನ್ಪುರದಲ್ಲಿ ಹುಟ್ಟಿ ಪುಣೆಯ ಸಿ-ಡ್ಯಾಕ್‌ನಲ್ಲಿ ಬೆಳೆದ ಜಿಸ್ಟ್ ತಂತ್ರಜ್ಞಾನ ಭಾರತೀಯ ಲಿಪಿಗಳನ್ನು ಗಣಕಕ್ಕೆ ತಂದಿತು. ಅದರ ಬೆನ್ನಿಗೆ ಬಂದ ಇಸ್ಕಿ ಸಂಕೇತವನ್ನು 1991ರಲ್ಲಿ ಭಾರತೀಯ ಮಾನಕ ಬ್ಯೂರೋ ಶಿಷ್ಟತೆಯಾಗಿ ಒಪ್ಪಿತು. ಇಸ್ಕಿಯಲ್ಲಿ ಗಣಕ ನೆನಪಿಟ್ಟುಕೊಳ್ಳುವುದು ಅಕ್ಷರವನ್ನು: ಕ, ನ, ವಿರಾಮ, ನ, ಡ. ಒತ್ತಕ್ಷರ ತೆರೆಯ ಮೇಲೆ ಹೇಗೆ ಕಾಣಬೇಕು ಎಂಬುದು ಆಮೇಲಿನ ಮಾತು. ಅದೇ 1991ರಲ್ಲಿ ಹೊರಬಂದ ಯೂನಿಕೋಡಿನ ಮೊದಲ ಆವೃತ್ತಿ ಕನ್ನಡವೂ ಸೇರಿದಂತೆ ಭಾರತೀಯ ಲಿಪಿಗಳಿಗೆ ಇಸ್ಕಿಯ ಕ್ರಮವನ್ನೇ ಆಧಾರವಾಗಿ ಹಿಡಿಯಿತು. ಹಾಗಾಗಿ ಇಸ್ಕಿಯಲ್ಲಿದ್ದ ಪಠ್ಯವನ್ನು ಯೂನಿಕೋಡಿಗೆ ತರುವುದು ಬಹುಪಾಲು ಒಂದಕ್ಕೊಂದು ಕೂಡಿಸುವ ಸರಳ ಕೆಲಸ.

ಆದರೆ ಮುದ್ರಣದ ಲೋಕ ಆ ದಾರಿಯಲ್ಲಿ ನಡೆಯಲಿಲ್ಲ. ಡಿಟಿಪಿ ಬಂದಾಗ ಪುಟ ಕಟ್ಟಲು ಪೇಜ್‌ಮೇಕರ್ ಬೇಕಿತ್ತು. ಪೇಜ್‌ಮೇಕರಿಗೆ ಕನ್ನಡ ಗೊತ್ತಿರಲಿಲ್ಲ, ಫಾಂಟು ಮಾತ್ರ ಗೊತ್ತಿತ್ತು. ಶ್ರೀಲಿಪಿ, ಆಕೃತಿ, ಪ್ರಕಾಶಕ್ ಮುಂತಾದ ತಂತ್ರಾಂಶಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ತುಂಡುಗಳನ್ನು ಕೂರಿಸಿದವು. ಒಂದೊಂದು ಕಂಪನಿಯ ಜೋಡಣೆ ಒಂದೊಂದು ಬಗೆ. 1998ರಲ್ಲಿ ಶೇಷಾದ್ರಿ ವಾಸು ಅವರ ‘ಬರಹ’ ಬಂತು; ಮನೆಮನೆಯ ಗಣಕದಲ್ಲಿ ಕನ್ನಡ ಮೂಡಿದ್ದು ಅದರಿಂದ. ಕೆ.ಪಿ. ರಾವ್ ಅವರು ಧ್ವನಿಯನ್ನು ಅನುಸರಿಸಿ ರೂಪಿಸಿದ ಕೀಲಿಮಣೆ ವಿನ್ಯಾಸ ಬೆರಳಿಗೆ ಕನ್ನಡವನ್ನು ಹಗುರ ಮಾಡಿತ್ತು. ಹೊಸ ಶತಮಾನದ ಆರಂಭದಲ್ಲಿ ಆ ವಿನ್ಯಾಸವನ್ನೇ ಆಧರಿಸಿ ಕನ್ನಡ ಗಣಕ ಪರಿಷತ್ತಿನ ‘ನುಡಿ’ ಸರ್ಕಾರಿ ಕಚೇರಿಗಳಿಗೆಲ್ಲ ಹೋಯಿತು. ತಾಲ್ಲೂಕು ಕಚೇರಿಯಿಂದ ಜೆರಾಕ್ಸ್ ಅಂಗಡಿಯವರೆಗೆ ಕನ್ನಡದಲ್ಲಿ ಟೈಪು ಮಾಡಲು ಕಲಿಸಿದ ಉಪಕಾರ ಇವೆರಡಕ್ಕೂ ಸಲ್ಲಬೇಕು. ತೊಂದರೆ ಇದ್ದದ್ದು ಒಳಗೆ. ಟೈಪು ಮಾಡುವಾಗ ಬೆರಳು ಅಕ್ಷರವನ್ನೇ ಒತ್ತುತ್ತಿತ್ತು, ಕಡತದಲ್ಲಿ ಉಳಿಯುತ್ತಿದ್ದದ್ದು ಅಕ್ಷರದ ಆಕಾರ.

‘ಕನ್ನಡ’ ಎಂಬ ಪದವನ್ನೇ ತೆಗೆದುಕೊಳ್ಳಿ. ನುಡಿಯ ಹಳೆಯ ಸಂಕೇತದಲ್ಲಿ ಅದು ದೊಡ್ಡ ಪಿ, ತಲೆಯ ಮೇಲೆ ಓರೆಗೆರೆಯ ಎ, ಪೌಂಡಿನ ಗುರುತು, ಮತ್ತೆ ಅದೇ ಎ, ಜರ್ಮನರ ಜೋಡಿ ಎಸ್, ಸಣ್ಣ ಕ್ಯೂ, ಇನ್ನೊಮ್ಮೆ ಎ. ಒಟ್ಟು 7 ತುಂಡು. ಪಿ ಎಂದರೆ ಕಕಾರದ ತಲೆಕಟ್ಟಿಲ್ಲದ ಮೈ, ಓರೆಗೆರೆಯ ಎ ಎಂದರೆ ತಲೆಕಟ್ಟು, ಜೋಡಿ ಎಸ್ ಎಂದರೆ ನಕಾರದ ಒತ್ತು. ‘ಮ’ ಇನ್ನೂ ಸೋಜಿಗ: ಅದು ವಕಾರಕ್ಕೆ ಕೊಂಬು ಸೇರಿಸಿ ಕಟ್ಟಿದ್ದು. ನಿಜವಾದ ‘ವು’ ಬರೆಯಲು ಬೇರೆಯದೇ ಕೊಂಬು. ‘ಯ’ ಶುರುವಾಗುವುದು ಸೊನ್ನೆಯಿಂದ. ಕಣ್ಣಿಗೆ ಎಲ್ಲವೂ ಮುದ್ದಾಗಿಯೇ ಕಾಣುತ್ತದೆ. ಗಣಕಕ್ಕೆ ಮಾತ್ರ ಅಲ್ಲಿ ಮಕಾರವೂ ಇಲ್ಲ, ಯಕಾರವೂ ಇಲ್ಲ. ಆದ್ದರಿಂದ ಅಕಾರಾದಿಯಾಗಿ ಹೊಂದಿಸುವುದು ಆಗದು, ಅಂತರಜಾಲದಲ್ಲಿ ಹುಡುಕಿದರೆ ಸಿಗದು, ಫಾಂಟು ಇಲ್ಲದ ಯಂತ್ರದಲ್ಲಿ ಓದಲೂ ಆಗದು.

2001ರಲ್ಲಿ ಬಂದ ವಿಂಡೋಸ್ ಎಕ್ಸ್‌ಪಿ ‘ತುಂಗಾ’ ಎಂಬ ಯೂನಿಕೋಡ್ ಫಾಂಟನ್ನು ಜೊತೆಯಲ್ಲೇ ತಂದಿತ್ತು. 2003ರಲ್ಲಿ ಕನ್ನಡ ವಿಕಿಪೀಡಿಯ ಯೂನಿಕೋಡಿನಲ್ಲೇ ಹುಟ್ಟಿತು. ಆದರೂ ರಾಜ್ಯ ಸರ್ಕಾರ ಯೂನಿಕೋಡನ್ನು ಶಿಷ್ಟತೆಯಾಗಿ ಘೋಷಿಸಿದ್ದು 2012ರಲ್ಲಿ. ನಡುವಿನ ಈ ಹತ್ತು ವರ್ಷಕ್ಕೆ ನಾವು ತೆತ್ತ ಬೆಲೆ ದೊಡ್ಡದು. ಸುತ್ತೋಲೆ, ಠರಾವು, ಪತ್ರ, ಪುಸ್ತಕ ಎಲ್ಲವೂ ಹೆಚ್ಚು ಹೆಚ್ಚಾಗಿ ಗಣಕಕ್ಕೆ ಇಳಿದ ದಶಕ ಅದು. ಅಷ್ಟೂ ಬಹುಪಾಲು ಆಕಾರಗಳ ಸಂಕೇತದಲ್ಲೇ ಶೇಖರವಾಯಿತು. ಆಗಲೇ ತಿರುಗಿಕೊಂಡಿದ್ದರೆ ಇವತ್ತಿನ ಪರಿವರ್ತನೆಯ ಹೊರೆಯಲ್ಲಿ ದೊಡ್ಡ ಪಾಲು ಇರುತ್ತಲೇ ಇರಲಿಲ್ಲ.

ಆ ಹೊರೆಯನ್ನು ಹೊತ್ತವರು ಹೆಚ್ಚಾಗಿ ಸ್ವಯಂಪ್ರೇರಿತರಾಗಿ ಬಂದ ತಂತ್ರಜ್ಞರು. ಅರವಿಂದ ವಿ.ಕೆ. ಅವರು ಬರೆದು ಮುಕ್ತವಾಗಿ ಹಂಚಿದ ಪರಿವರ್ತಕ ನುಡಿ, ಬರಹಗಳ ಹಳೆಯ ಪಠ್ಯವನ್ನು ಯೂನಿಕೋಡಿಗೆ ತರುತ್ತದೆ. ಈ ಎರಡರ ಹಳೆಯ ಜೋಡಣೆ ಬಹುಪಾಲು ಒಂದೇ ಆಗಿದ್ದದ್ದು ಅನುಕೂಲವಾಯಿತು. ಓಂಶಿವಪ್ರಕಾಶ್ ಮತ್ತು ಸಂಗಡಿಗರ ‘ಸಂಚಯ’ ತಂಡ 20 ಸಾವಿರಕ್ಕೂ ಹೆಚ್ಚು ವಚನಗಳನ್ನು ಯೂನಿಕೋಡಿನಲ್ಲಿ ಹುಡುಕಲು ಬರುವಂತೆ ‘ವಚನ ಸಂಚಯ’ ಕಟ್ಟಿತು. ಬಸವಣ್ಣನವರು ಒಂದು ಪದವನ್ನು ಎಲ್ಲೆಲ್ಲಿ ಬಳಸಿದ್ದಾರೆ ಎಂದು ಇವತ್ತು ಒಬ್ಬ ವಿದ್ಯಾರ್ಥಿ ಕ್ಷಣದಲ್ಲಿ ನೋಡಬಲ್ಲ. ಪಠ್ಯ ಆಕಾರದ ಸಂಕೇತದಲ್ಲೇ ಉಳಿದಿದ್ದರೆ ಇದು ಸಾಧ್ಯವಿರಲಿಲ್ಲ.

ಪರಿವರ್ತಕಕ್ಕೆ ಅತಿ ಹೆಚ್ಚು ಕಾಟ ಕೊಡುವುದು ಅರ್ಕಾವೊತ್ತು. ಹಳೆಯ ಕಡತದಲ್ಲಿ ಅದು ಕಣ್ಣಿಗೆ ಕಂಡಂತೆ ವ್ಯಂಜನದ ಆಚೆ ಕೂತಿರುತ್ತದೆ; ಯೂನಿಕೋಡಿನಲ್ಲಿ ರಕಾರ ಮೊದಲು ಬರಬೇಕು. ತುಂಡಿಗೆ ತುಂಡು ಬದಲಿಸುತ್ತ ಹೋದರೆ ‘ಸರ್ವೆ’ ಹೋಗಿ ‘ಸವೆರ್’ ಆಗುತ್ತದೆ, ‘ಪೂರ್ವ’ ಹೋಗಿ ‘ಪೂವರ್’ ಆಗುತ್ತದೆ. ಒಳ್ಳೆಯ ಪರಿವರ್ತಕ ಇದನ್ನು ಹಿಂದುಮುಂದು ಮಾಡಿ ಸರಿಪಡಿಸುತ್ತದೆ. ಇದಕ್ಕಿಂತ ಅಪಾಯದ್ದು ಇನ್ನೊಂದಿದೆ. ನುಡಿಯಲ್ಲಿ ಇಂಗ್ಲಿಷಿನ ದೊಡ್ಡ ಎ ಇರುವ ಜಾಗದಲ್ಲಿ ಕೂತಿರುವುದು ಅನುಸ್ವಾರ. ಕನ್ನಡದ ನಡುವೆ ಇಂಗ್ಲಿಷ್ ಫಾಂಟಿನಲ್ಲಿ ಟೈಪಾದ ಹಿಸ್ಸಾ ನಂಬರು ‘2ಎ’ ಎಂದಿದ್ದರೆ, ಫಾಂಟಿನ ವಿವರ ಬಿಟ್ಟು ಬರೀ ಪಠ್ಯವನ್ನು ಪರಿವರ್ತಿಸಿದಾಗ ಅದು ‘2ಂ’ ಆಗಿಬಿಡುತ್ತದೆ. ‘ಸವೆರ್’ ಕಂಡರೆ ಓದುವವರು ನಿಲ್ಲುತ್ತಾರೆ. ಈ ಸೊನ್ನೆ 2ರ ಪಕ್ಕದಲ್ಲಿ ಇನ್ನೊಂದು ಅಂಕಿಯಂತೆ ಕೂತು ಕಣ್ಣು ತಪ್ಪಿಸುತ್ತದೆ, ಜಮೀನಿನ ಗುರುತೇ ಬದಲಾಗುತ್ತದೆ.

ಪಹಣಿಯ ವಿಷಯದಲ್ಲಿ ನಮ್ಮ ಕಡೆಯವರಿಗೆ ಈ ಪಾಠ ಮೊದಲೇ ಆಗಿದೆ. 2000ದ ಸುಮಾರಿಗೆ ‘ಭೂಮಿ’ ಯೋಜನೆಯಲ್ಲಿ ರಾಜ್ಯದ ಸುಮಾರು 2 ಕೋಟಿ ಕೈಬರಹದ ಪಹಣಿಗಳು ಗಣಕಕ್ಕೆ ಹೋದವು, 15 ರೂಪಾಯಿಗೆ ತಾಲ್ಲೂಕು ಕೇಂದ್ರದಲ್ಲಿ ಮುದ್ರಿತ ಪಹಣಿ ಸಿಗತೊಡಗಿತು. ದೇಶವೇ ಹೊಗಳಿದ ಕೆಲಸ ಅದು. ಆದರೂ ಹೆಸರಿನ ಅಕ್ಷರ, ಗುಂಟೆಯ ಅಂಕಿ ತಪ್ಪಿ ನಮೂದಾದವರು ಪಹಣಿ ತಿದ್ದುಪಡಿಗೆ ಅರ್ಜಿ ಹಿಡಿದು ವರ್ಷಗಟ್ಟಲೆ ತಿರುಗಿದ್ದಾರೆ. ಅವರ ಕೈಹಿಡಿದದ್ದು ದಾಖಲೆ ಕೊಠಡಿಯಲ್ಲಿ ಉಳಿದಿದ್ದ ಹಳೆಯ ಕೈಬರಹದ ಪುಸ್ತಕ. 2022ರಲ್ಲಿ ಕೇಂದ್ರ ಸಂಪುಟ 63 ಸಾವಿರ ಪ್ರಾಥಮಿಕ ಕೃಷಿ ಪತ್ತಿನ ಸಹಕಾರ ಸಂಘಗಳ ಗಣಕೀಕರಣಕ್ಕೆ 2,516 ಕೋಟಿ ರೂಪಾಯಿಯ ಯೋಜನೆ ಒಪ್ಪಿತು. ಅಲ್ಲೂ ಲೆಡ್ಜರಿನಿಂದ ಹೊಸ ತಂತ್ರಾಂಶಕ್ಕೆ ಬಾಕಿ ಏರಿಸುವಾಗ ಇದೇ ಎಚ್ಚರ ಬೇಕು.

ಡಿಸ್ಕಿನ ಕಥೆ ಚಿಕ್ಕದು. 1.44 ಎಂಬಿಯ ಫ್ಲಾಪಿಯಲ್ಲಿ ಉಳಿದದ್ದು ಬೂಷ್ಟು ಹಿಡಿಯದೆ ಇದ್ದರೆ ಯುಎಸ್‌ಬಿ ಫ್ಲಾಪಿ ಡ್ರೈವಿನಲ್ಲಿ ಇನ್ನೂ ಓದಬಹುದು. ಪೇಜ್‌ಮೇಕರ್ ಕಡತಗಳೇ ಕಷ್ಟ. ಇನ್‌ಡಿಸೈನ್ ಸಿಎಸ್6ರವರೆಗಿನ ಆವೃತ್ತಿಗಳು ಪೇಜ್‌ಮೇಕರಿನ 6, 7ನೇ ಆವೃತ್ತಿಯ ಕಡತ ತೆರೆಯುತ್ತಿದ್ದವು, ಆಮೇಲಿನವು ತೆರೆಯುವುದಿಲ್ಲ. ಹಾಗಾಗಿ ಮೂಲೆಗೆ ಸರಿಸಿದ ಎಕ್ಸ್‌ಪಿ ಯಂತ್ರವೇ ಅನೇಕ ಪುಸ್ತಕಗಳಿಗೆ ಕೊನೆಯ ಬಾಗಿಲು. ಅದರಲ್ಲಿ ತೆರೆದು, ಪಠ್ಯವನ್ನು ಹೊರತೆಗೆದು, ಆಮೇಲೆ ಪರಿವರ್ತಕಕ್ಕೆ ಕೊಡಬೇಕು.

ವಿಂಡೋಸ್ 10ರ ಬೆಂಬಲವೂ 2025ರ ಅಕ್ಟೋಬರ್ 14ಕ್ಕೆ ಮುಗಿದಿರುವುದರಿಂದ ಅಂಗಡಿ, ಕಚೇರಿಗಳಲ್ಲಿ ಇನ್ನೊಂದು ಸುತ್ತು ಯಂತ್ರಗಳು ಬದಲಾಗುತ್ತಿವೆ. ಗುಜರಿಗೆ ಹಾಕುವ ಮುನ್ನ ಮಾಡಬೇಕಾದ್ದು ಹೆಚ್ಚಿಲ್ಲ. ಮೂಲ ಕಡತಗಳನ್ನು ಅವುಗಳ ಫಾಂಟಿನ ಸಮೇತ ಬೇರೆ ಡಿಸ್ಕಿಗೆ ನಕಲು ಮಾಡಿ. ಹಳೆಯ ಯಂತ್ರದಲ್ಲಿ ಫಾಂಟು ಇರುವಾಗಲೇ ಒಂದೊಂದು ಕಡತದ ಪಿಡಿಎಫ್ ತೆಗೆಯಿರಿ. ಪರಿವರ್ತನೆಯಲ್ಲಿ ಏನು ತಪ್ಪಿತೆಂದು ತಾಳೆ ನೋಡಲು ಅದೇ ಆಧಾರ. ಪರಿವರ್ತಿಸಿದ ಮೇಲೆ ಸರ್ವೆ ನಂಬರು, ಹಿಸ್ಸಾ, ವಿಸ್ತೀರ್ಣ, ಹೆಸರುಗಳನ್ನು ಒಬ್ಬರು ಓದಿ ಹೇಳಿ ಇನ್ನೊಬ್ಬರು ಪಿಡಿಎಫ್ ನೋಡಿ ಒಪ್ಪಬೇಕು. ಹೊಸ ಕಡತ ಎಷ್ಟೇ ಚೆನ್ನಾಗಿ ಬಂದಿರಲಿ, ಮೂಲವನ್ನು ಅಳಿಸಬೇಡಿ.