ದೇಹಕೊಬ್ಬು, ಸ್ತ್ರೀಯರಲ್ಲಿ: ಆನುವಂಶಿಕ ಪ್ರಭಾವ

ಸ್ತ್ರೀಯರ ದೇಹದಲ್ಲಿ ಕೊಬ್ಬು ಎಷ್ಟು, ಎಲ್ಲಿ ಶೇಖರವಾಗುತ್ತದೆ ಎಂಬುದರ ಮೇಲೆ ವಂಶವಾಹಿಗಳ ವ್ಯತ್ಯಾಸ ಬೀರುವ ಪರಿಣಾಮ. 16ನೆಯ ವರ್ಣತಂತುವಿನ ಎಫ್‌ಟಿಒ ವಂಶವಾಹಿಯ ಒಂದು ರೂಪಭೇದವನ್ನು ತಂದೆತಾಯಿ ಇಬ್ಬರಿಂದಲೂ ಪಡೆದವರು ಅದಿಲ್ಲದವರಿಗಿಂತ ಸರಾಸರಿ 3 ಕಿ.ಗ್ರಾಂ. ಹೆಚ್ಚು ತೂಗುತ್ತಾರೆಂದು 2007ರಲ್ಲಿ ಯುರೋಪಿಯನ್ನರ ಅಧ್ಯಯನ ತೋರಿಸಿತು. 2010ರಲ್ಲಿ ಸೊಂಟ-ನಿತಂಬ ಅನುಪಾತಕ್ಕೆ ಸಂಬಂಧಿಸಿದ 14 ವರ್ಣತಂತು ನೆಲೆಗಳು ವರದಿಯಾದವು. ಅವುಗಳಲ್ಲಿ 7ರ ಪರಿಣಾಮ ಸ್ತ್ರೀಯರಲ್ಲಿ ಪ್ರಬಲ. ಕೆಎಲ್‌ಎಫ್14 ವಂಶವಾಹಿಯ ಬಳಿಯ ರೂಪಭೇದ ತಾಯಿಯಿಂದ ಬಂದರೆ ಹೆಣ್ಣುಮಕ್ಕಳಲ್ಲಿ ಕೊಬ್ಬು ನಿತಂಬಕ್ಕಿಂತ ಹೊಟ್ಟೆಯಲ್ಲಿ ಹೆಚ್ಚು ಸೇರುತ್ತದೆ.

ವಂಶವಾಹಿಯೊಂದೇ ನಿರ್ಣಾಯಕವಲ್ಲ. ಮೈಸೂರಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ 1997–98ರಲ್ಲಿ ಆರಂಭವಾದ ಪಾರ್ಥೆನಾನ್ ಅಧ್ಯಯನದ ಶಿಶುಗಳು ಸಣ್ಣಗಿದ್ದರೂ ಅವುಗಳ ಬೆನ್ನಿನ ಚರ್ಮದಡಿಯ ಕೊಬ್ಬು ಕುಗ್ಗಿರಲಿಲ್ಲ. ಇಂಥ ಕೊಬ್ಬಿನ ಶೇಖರಣೆಯಲ್ಲಿ ಗರ್ಭಕಾಲದ ಪೋಷಣೆ, ತಾಯಿಯ ಮಧುಮೇಹಗಳೂ ಮುಖ್ಯ. ದೈಹಿಕ ಶ್ರಮ ಎಫ್‌ಟಿಒ ಪರಿಣಾಮವನ್ನು ತಗ್ಗಿಸುತ್ತದೆ. ಆದ್ದರಿಂದ ದೇವದುರ್ಗ, ಮಾನ್ವಿಯ ಹೊಲಗಳಲ್ಲಿ ದುಡಿಯುವವರಿಗಿಂತ ರಾಯಚೂರು ನಗರದಲ್ಲಿ ಕುಳಿತು ಕೆಲಸ ಮಾಡುವವರಲ್ಲಿ ಅದೇ ರೂಪಭೇದ ಹೆಚ್ಚು ಪ್ರಕಟವಾಗಬಹುದು.