ಅರಸನೂ ದಾವೆಯ ಖರ್ಚೂ

ಇಂಗ್ಲೆಂಡಿನ ಸಿಂಹಾಸನವನ್ನು ಒಂದನೆಯ ಎಡ್ವರ್ಡ್ ಆಳುತ್ತಿದ್ದ ಕಾಲವದು. 1278ರಲ್ಲಿ ಗ್ಲಾಸ್ಟರ್ ನಗರದಲ್ಲಿ ನೆರೆದ ಅವನ ಸಭೆ ಒಂದು ಶಾಸನವನ್ನು ಹೊರಡಿಸಿತು. ನಷ್ಟ ಪರಿಹಾರ ಗೆದ್ದ ವಾದಿಯು ದಾವೆ ಹೂಡಲು ತೆತ್ತ ಹಣವನ್ನೂ ಸೋತವನೇ ತುಂಬಿಕೊಡಬೇಕೆಂಬುದು ಅದರ ವಿಧಿ. ಮುಂದಿನ ನ್ಯಾಯಾಧೀಶರು ಆ ವಿಧಿಯ ಅರ್ಥವನ್ನು ಹಿಗ್ಗಿಸಿ, ವ್ಯಾಜ್ಯದ ಉಳಿದ ಖರ್ಚನ್ನೂ ಅದರೊಳಗೆ ತಂದರು. ಎಂಟನೆಯ ಹೆನ್ರಿಯ ಕಾಲದ 1531ರ ಕಾಯಿದೆಯೂ ಒಂದನೆಯ ಜೇಮ್ಸನ ಕಾಲದ 1607ರ ಕಾಯಿದೆಯೂ ಗೆದ್ದ ಪ್ರತಿವಾದಿಗೆ ಅದೇ ಹಕ್ಕನ್ನು ಕೊಟ್ಟವು. ಪ್ರಜೆಗೂ ಪ್ರಜೆಗೂ ನಡುವಣ ವ್ಯಾಜ್ಯದಲ್ಲಿ ನ್ಯಾಯದ ತಕ್ಕಡಿ ಸಮನಾಯಿತು.

ಆದರೆ ಎದುರು ಪಕ್ಷದಲ್ಲಿ ಅರಸನೇ ನಿಂತಾಗ ಈ ನಿಯಮ ಹೊಸ್ತಿಲಾಚೆಯೇ ಉಳಿಯುತ್ತಿತ್ತು. ದೊರೆಯು ದಾವೆಯ ಖರ್ಚನ್ನು ಕೊಡನು, ಕೊಳ್ಳನು ಎಂಬುದು ಪರಂಪರೆಯ ನ್ಯಾಯ. 1768ರಲ್ಲಿ ತನ್ನ ಮಹಾಗ್ರಂಥದ ಮೂರನೆಯ ಸಂಪುಟವನ್ನು ಹೊರತಂದ ನ್ಯಾಯಶಾಸ್ತ್ರಜ್ಞ ವಿಲಿಯಂ ಬ್ಲಾಕ್‌ಸ್ಟನ್ ಅದಕ್ಕೆ ಕಾರಣಗಳನ್ನೂ ಬರೆದಿಟ್ಟ: ಪ್ರಜೆಗೆ ಖರ್ಚು ಕೊಡದಿರುವುದು ಅರಸನ ವಿಶೇಷಾಧಿಕಾರ, ಪ್ರಜೆಯಿಂದ ಅದನ್ನು ಪಡೆಯುವುದು ಅವನ ಘನತೆಗೆ ಕುಂದು.

ಮೇಲುನೋಟಕ್ಕೆ ಇದು ಇಬ್ಬರಿಗೂ ಒಂದೇ ನ್ಯಾಯ. ಆದರೆ ಅರಸನ ಬೆನ್ನಿಗೆ ಇಡೀ ರಾಜ್ಯದ ಬೊಕ್ಕಸವಿತ್ತು. ಸುಂಕದ ತಗಾದೆಗೆ ಸಿಕ್ಕಿದ ವರ್ತಕನಾದರೋ ವಕೀಲರ ಫೀಜನ್ನು ತನ್ನ ದುಡಿಮೆಯಿಂದಲೇ ತೆರಬೇಕಿತ್ತು. ನಿರಪರಾಧಿಯೆಂದು ತೀರ್ಪು ಬಂದರೂ ಹೋದ ಹಣ ಹೋದಂತೆಯೇ. ಗೆದ್ದೂ ಸೋಲುವ ಇಂಥ ನ್ಯಾಯವನ್ನು ಶತಮಾನಗಳ ಕಾಲ ಘನತೆಯ ಹೆಸರಿನಲ್ಲಿ ಕಾಪಾಡಿಕೊಂಡು ಬಂದರು.

ವಿಕ್ಟೋರಿಯಾ ರಾಣಿಯ ಆಳ್ವಿಕೆಯಲ್ಲಿ ಆ ಕೋಟೆಗೆ ಬಿರುಕು ಬಿತ್ತು. 1855ರ ಕಾಯಿದೆಯು ಕಂದಾಯದ ದಾವೆಗಳಲ್ಲಿ ಸರ್ಕಾರವೂ ಸಾಮಾನ್ಯ ಕಕ್ಷಿಗಾರನಂತೆ ಖರ್ಚು ಕೊಡಬೇಕು, ಪಡೆಯಬೇಕು ಎಂದಿತು. 1860ರಲ್ಲಿ ಅರಸೊತ್ತಿಗೆಯ ಎದುರು ಹಕ್ಕು ಕೇಳುವ ಅರ್ಜಿಗಳಿಗೂ ಇದೇ ನಿಯಮ ಬಂತು. 1933ರ ಕಾಯಿದೆಯು ಸರ್ಕಾರ ಕಕ್ಷಿಯಾಗಿರುವ ಸಿವಿಲ್ ವ್ಯಾಜ್ಯಗಳ ಖರ್ಚನ್ನು ನ್ಯಾಯಾಲಯದ ವಿವೇಚನೆಗೆ ಒಪ್ಪಿಸಿತು. ಗ್ಲಾಸ್ಟರಿನ ಶಾಸನವಾಗಿ ಆಗಲೇ 655 ವರ್ಷ ಕಳೆದಿತ್ತು.

ಅಷ್ಟರಲ್ಲಿ ಅರಸನ ಅಧಿಕಾರವು ಪರವಾನಗಿ ನೀಡುವ ನಗರಸಭೆಗಳಿಗೂ ದಂಡ ವಿಧಿಸುವ ನಿಯಂತ್ರಣ ಸಂಸ್ಥೆಗಳಿಗೂ ಹಂಚಿಹೋಗಿತ್ತು. ಹಳೆಯ ಪ್ರಶ್ನೆ ಹೊಸ ವೇಷದಲ್ಲಿ ಎದ್ದಿತು. 2000ದಲ್ಲಿ ಬಾಡಿಗೆ ವಾಹನದ ಪರವಾನಗಿಯೊಂದರ ವ್ಯಾಜ್ಯದಲ್ಲಿ ಮುಖ್ಯ ನ್ಯಾಯಮೂರ್ತಿ ಲಾರ್ಡ್ ಬಿಂಗ್ಯಂ ಒಂದು ಎಚ್ಚರಿಕೆಯನ್ನಿತ್ತರು: ಪ್ರಾಮಾಣಿಕವಾಗಿ, ಸಕಾರಣವಾಗಿ ಕರ್ತವ್ಯ ನಡೆಸಿದ ಬ್ರಾಡ್‌ಫರ್ಡ್ ನಗರಸಭೆಯು ಮೇಲ್ಮನವಿಯಲ್ಲಿ ಸೋತಿತೆಂಬ ಒಂದೇ ಕಾರಣಕ್ಕೆ ಖರ್ಚು ತೆರಬೇಕಾಗಿಲ್ಲ. ಸಾರ್ವಜನಿಕ ಹಿತಕ್ಕಾಗಿ ದುಡಿಯುವವರ ಕೈಯನ್ನು ಭಯ ಕಟ್ಟಿಹಾಕಬಾರದೆಂಬ ಕಾಳಜಿ ಅದು.

ಆ ಕಾಳಜಿಯೇ ಬೆಳೆದು ಅಭಯವಾಗಬೇಕೆ? 2016ರ ಡಿಸೆಂಬರಿನಲ್ಲಿ ಬ್ರಿಟನ್ನಿನ ಸ್ಪರ್ಧೆ ಮತ್ತು ಮಾರುಕಟ್ಟೆ ಪ್ರಾಧಿಕಾರವು ಮೂರ್ಛೆರೋಗದ ಔಷಧವಾದ ಫೆನಿಟಾಯಿನ್‌ನ ದುಬಾರಿ ಬೆಲೆಗಾಗಿ ಫೈಜರ್ ಕಂಪನಿಗೆ 8.42 ಕೋಟಿ ಪೌಂಡ್, ಫ್ಲಿನ್ ಕಂಪನಿಗೆ 52 ಲಕ್ಷ ಪೌಂಡ್ ದಂಡ ಹಾಕಿತು. 2018ರಲ್ಲಿ ನ್ಯಾಯಮಂಡಳಿ ಆ ದಂಡವನ್ನು ರದ್ದುಮಾಡಿತು. ಬಳಿಕ ಕಂಪನಿಗಳ ಖರ್ಚಿನಲ್ಲಿ ಒಂದು ಪಾಲನ್ನು ಪ್ರಾಧಿಕಾರವೇ ಕೊಡಬೇಕೆಂದಿತು. 2020ರಲ್ಲಿ ಮೇಲ್ಮನವಿ ನ್ಯಾಯಾಲಯ ಆ ಆಜ್ಞೆಯನ್ನು ತೆಗೆದುಹಾಕಿತು. 2022ರ ಮೇ 25ರಂದು ಲೇಡಿ ರೋಸ್ ಬರೆದ ತೀರ್ಪಿನಲ್ಲಿ ಸುಪ್ರೀಂ ಕೋರ್ಟು ಅದನ್ನು ಮತ್ತೆ ಸ್ಥಾಪಿಸಿತು. ಸಾರ್ವಜನಿಕ ಸಂಸ್ಥೆಗಳಿಗೆಲ್ಲ ಅನ್ವಯಿಸುವ ರಕ್ಷಾಕವಚ ಇಲ್ಲ; ಖರ್ಚಿನ ಭಯದಿಂದ ಅವು ಕೆಲಸಕ್ಕೆ ಹಿಂಜರಿಯಬಹುದೆಂಬುದು ತೂಗಿನೋಡಬೇಕಾದ ಸಂಗತಿಗಳಲ್ಲಿ ಒಂದು ಮಾತ್ರ ಎಂಬುದು ಅದರ ನಿಲುವು.

ಆ ತೀರ್ಪು ಧರ್ಮಸಮ್ಮತವಾದದ್ದು. ಪ್ರಾಮಾಣಿಕ ಅಧಿಕಾರಿಗೆ ನ್ಯಾಯಾಲಯದ ವಿವೇಚನೆಯೇ ಸಾಕಷ್ಟು ರಕ್ಷೆ. ಅದಕ್ಕೂ ಮೀರಿದ ವಿನಾಯಿತಿಯನ್ನು ಕೊಟ್ಟರೆ, ಸರ್ಕಾರದ ತಪ್ಪಿಗೆ ಪ್ರಜೆ ಬೆಲೆ ತೆರುವ ಹಳೆಯ ಅನ್ಯಾಯವೇ ಮತ್ತೆ ಪಟ್ಟಕ್ಕೇರುತ್ತದೆ.